ಬೋರಮಾಳದೊಳಗಿನ ಅರಗು

ನಾನು ನೋಡಿದ್ದೆ, ಮಾನಪ್ಪನವರೇ. ನಿದ್ದೆ ಹತ್ತಿತ್ತು ಎಂದು ಅಂದು ನಿಮ್ಮ ಎದುರಿಗೇ ನಿಂತು ಹೇಳಿದ್ದು ಹಸಿ ಸುಳ್ಳು. ಆ ಒಂದು ಸುಳ್ಳಿನಿಂದ ಬನಹಟ್ಟಿಯಲ್ಲಿ ನಿಮ್ಮ ಪತ್ತಾರಿಕೆ ಮುಗಿಯಿತು. ಬಂಗಾರ ಮುಟ್ಟುತ್ತಿದ್ದ ಕೈ ಇಪ್ಪತ್ತಾರು ವರ್ಷಗಳಿಂದ ಮಹಾಲಿಂಗಪುರದ ಸಂತೆಯಲ್ಲಿ ಅರಗು ಕಾಯಿಸಿ ಕುಡುಗೋಲಿಗೆ ಹಿಡಿ ಕೂಡಿಸುತ್ತಿದೆ. ಅದು ನನ್ನಿಂದ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ — ಬರೆಯುವಷ್ಟು ಹೊತ್ತಾದರೂ ಆ ದಿನಗಳಲ್ಲಿ ಇನ್ನೊಮ್ಮೆ ಕೂತಿರಬಹುದಲ್ಲ. ಪತ್ತಾರನ ಕೈಗೆ ಬಂಗಾರ ಕೊಟ್ಟರೆ, ಒಡವೆ ಮುಗಿಯುವ ತನಕ ಮನೆಯವರೊಬ್ಬರು ಎದುರಿಗೆ ಕೂತು ಕಾಯುವುದು ನಮ್ಮ ಕಡೆಯ ಪದ್ಧತಿ. ಗೌರಕ್ಕನ ಮದುವೆಗೆ ಬಂಗಾರದ ಗುಂಡುಗಳ ಬೋರಮಾಳ ಸರ ಮಾಡಿಸುವಾಗ ಅಪ್ಪ ತಮ್ಮ ತಾಯಿಯನ್ನು, ನಮ್ಮ ಆಯಿಯನ್ನು, ಕಳಿಸಿದರು. ಆಯಿಯ ಕಣ್ಣಿಗೆ ಪೊರೆ ಬಂದಿತ್ತು; ಅವಳ ಕಣ್ಣಾಗಿರಲೆಂದು ನನ್ನನ್ನೂ ಕಳಿಸಿದರು. ಆಯಿ ಗೋಡೆಗೊರಗಿ ಗೊರಕೆ ಹೊಡೆದಳು. ಕಳ್ಳತನ ಕಾಯಲು ಬಂದವಳು ನಾನು — ನನ್ನನ್ನು ಯಾರು ಕಾಯಬೇಕಿತ್ತೋ!

ಒಂಬತ್ತು ದಿನ. ತೆಳ್ಳನೆಯ ತಗಡಿನಿಂದ ಪೊಳ್ಳು ಗುಂಡು ಮಾಡಿ, ಅರಗನ್ನು ಬಿಸಿ ಮಾಡಿ ತುಂಬಿ, ಕಾದ ಸೂಜಿಯಿಂದ ದಾರಕ್ಕೆ ದಾರಿ ಬಿಡಿಸುತ್ತಿದ್ದಿರಿ. ಬಂಗಾರದೊಳಗೆ ಅರಗೇಕೆ ಎಂದು ಕೇಳಿದ್ದೆ.

“ಬಂಗಾರ ಮ್ಯಾಲಿನ ಹೊದಿಕಿ ಅಷ್ಟ. ಆಕಾರ ಹಿಡದು ನಿಲ್ಲಸೂದು ಒಳಗಿನ ಅರಗ,” ಎಂದಿರಿ. “ಕಚೇರಿ ಲಕೋಟಿ ಮ್ಯಾಲ ಕುಂತರ ಮೊಹರು, ನಿಮ್ಮ ಆಯಿ ಕೈಯಾಗ ಕುಂತರ ಬಳಿ. ಅದಕ್ಕ ಬೆಂಕಿ ಒಂದ ಆಗಿ ಬರಂಗಿಲ್ಲ.”

ಒಮ್ಮೆ ಅರಗಿನಲ್ಲಿ ಮರಳು ಕಂಡಿತೆಂದು ಇಡೀ ಉಂಡೆಯನ್ನೇ ಆಚೆಗೆ ಎಸೆದಿರಿ. ಅದನ್ನೂ ನೋಡಿದ್ದೆ. ಬಂಗಾರದ ಮೇಲಿರಬೇಕಾದ ನನ್ನ ಕಣ್ಣು ನಿಮ್ಮ ಬೆರಳುಗಳ ಮೇಲಿತ್ತು. ನೀವು ಒಂದು ಸಲವೂ ಸಲ್ಲದ ಮಾತು ಆಡಲಿಲ್ಲ, ಸಲ್ಲದ ನೋಟ ನೋಡಲಿಲ್ಲ. ನೀವು ಪತ್ತಾರರು, ನಾವು ನೇಕಾರರು — ಮುಂದೆ ಏನೂ ಇರಲಿಲ್ಲ, ಗೊತ್ತಿತ್ತು. ಹತ್ತನೆಯ ದಿನ ನಿಮ್ಮಲ್ಲಿಗೆ ಬರುವ ಕೆಲಸವಿರಲಿಲ್ಲ. ಊಟ ಸೇರಲಿಲ್ಲ.

ಸರ ಮನೆಗೆ ಬಂದ ಮೂರನೇ ದಿನ, ಅಕ್ಕ ನೀರಿಗೆ ಹೋದಾಗ, ಅದನ್ನು ಪೆಟ್ಟಿಗೆಯಿಂದ ತೆಗೆದು ಕೊರಳಿಗೆ ಹಾಕಿಕೊಂಡೆ. ಒಡವೆಯ ಆಸೆಯಲ್ಲ. ಒಂದೊಂದು ಗುಂಡನ್ನೂ ನಿಮ್ಮ ಬೆರಳು ಹಿಡಿದಿತ್ತು — ಅದಕ್ಕೆ. ಅಷ್ಟರಲ್ಲಿ ಅವ್ವ ಕೂಗಿದಳು: ನೂಲಿಗೆ ಹಚ್ಚುವ ಗಂಜಿ ತಳ ಹಿಡಿಯುತ್ತಿದೆ. ಸೆರಗಿನಲ್ಲಿ ಸರ ಮುಚ್ಚಿಕೊಂಡು ಓಡಿದೆ. ಬಾಗಿ ಗಂಜಿ ತಿರುವುವಾಗ ಸರ ಜೋತುಬಿದ್ದು, ಕಾದ ಹಂಡೆಯ ಕಂಠಕ್ಕೆ ತಾಗಿತು. ಗಾಬರಿಯಲ್ಲಿ ಮುಷ್ಟಿಯಲ್ಲಿ ಹಿಡಿದೆ. ಅರಗು ಮೆತ್ತಗಾಗಿ ಬೆರಳಿಗೆ ಅಂಟಿತು, ನಾಲ್ಕು ಗುಂಡು ನಜ್ಜುಗುಜ್ಜಾದವು. ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಬಾಯಿ ಬಿಡಲಿಲ್ಲ.

ಅರಿಷಿಣದ ದಿನ ಪೆಟ್ಟಿಗೆ ತೆಗೆದರು. ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಅಪ್ಪ ಕೆಂಡವಾದರು. ನಿಮ್ಮನ್ನು ಕರೆಸಿದರು. ಅರಗಿಗೆ ಮೇಣ ಬೆರೆಸಿದ್ದೀಯ ಎಂದರು. ನೀವು ಗುಂಡನ್ನು ಮೂಗಿಗೆ ಹಿಡಿದು ನೋಡಿದಿರಿ.

“ಇದು ಬೆಂಕಿ ಕಂಡದರಿ. ನಾ ಎಂಥಾ ಅರಗ ತುಂಬೇನಿ, ನಿಮ್ಮ ಮಗಳು ಎದುರಿಗೇ ಕುಂತು ನೋಡ್ಯಾಳ. ಆಕಿನ್ನ ಕೇಳ್ರಿ. ಆಕಿ ಹೇಳಿದ್ದ ಖರೆ.”

ಆಕಿ ಹೇಳಿದ್ದ ಖರೆ — ನನ್ನನ್ನು ಅಷ್ಟು ನಂಬಿದವರು ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಸಿಗಲಿಲ್ಲ. ಅಪ್ಪ ನನ್ನತ್ತ ತಿರುಗಿದರು.

“ನಾ ನೋಡಿಲ್ಲಪ್ಪಾ,” ಎಂದೆ. “ನನಗ ನಿದ್ದಿ ಹತ್ತಿತ್ತು.”

ಶುದ್ಧ ಅರಗು ಎಂದಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಹಾಗಾದರೆ ಕರಗಿದ್ದು ಹೇಗೆ? ನೀನು ಹಾಕಿಕೊಂಡಿದ್ದೆಯಾ? ಯಾಕೆ? — ಆ ಯಾಕೆಗೆ ಹೆದರಿದೆ. ನೀವು ಗುಂಡುಗಳನ್ನು ಚಾಪೆಯ ಮೇಲಿಟ್ಟು ಎದ್ದು ಹೋದಿರಿ. ಆಮೇಲೆ ಊರಿನಲ್ಲಿ ಯಾರೂ ನಿಮ್ಮ ಕೈಗೆ ಬಂಗಾರ ಕೊಡಲಿಲ್ಲ.

ನನ್ನನ್ನು ರಬಕವಿಗೆ ಕೊಟ್ಟರು. ಗಂಡ ಒಳ್ಳೆಯವನೇ, ಈಗಿಲ್ಲ. ಅವನಿಗೆ ನಾನು ಯಾವುದರಲ್ಲೂ ಕಡಿಮೆ ಮಾಡಲಿಲ್ಲ, ಆದರೆ — ಇರಲಿ. ಮಹಾಲಿಂಗಪುರದ ಸಂತೆಗೆ ಎಷ್ಟು ಸಲ ಬಂದೆನೋ! ಹಿಡಿ ಗಟ್ಟಿಯಿದ್ದ ಕುಡುಗೋಲನ್ನು ಮನೆಯಲ್ಲೇ ಕಲ್ಲಿಗೆ ಬಡಿದು ಸಡಿಲು ಮಾಡಿ ತಂದಿದ್ದೇನೆ, ನೀವು ಅರಗು ಕಾಯಿಸುವುದನ್ನು ನೋಡಲು. “ಯಾವೂರರಿ ತಾಯಿ?” ಎಂದು ಕೇಳಿದಿರಿ ಒಮ್ಮೆ. ರಬಕವಿ ಎಂದೆ. ಬನಹಟ್ಟಿ ಎನ್ನಲು ನಾಲಿಗೆ ಏಳಲಿಲ್ಲ. ನಿಮಗೆ ನನ್ನ ಗುರುತು ಹತ್ತಲಿಲ್ಲ — ಅಥವಾ ಹತ್ತಿಯೂ —

ಮೊನ್ನೆ ಗೌರಕ್ಕನ ಮುಂದೆ ಎಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು.

“ನಾಕ ಗುಂಡಿನ ಮಾತು, ಇಷ್ಟ ವರ್ಷ ಹೊಟ್ಟ್ಯಾಗ ಇಟ್ಕೊಂಡಿದ್ದೇನ? ಹೋಗ್ಲಿ ಬಿಡ ಹುಚ್ಚಿ. ಅವನ್ನ ಮುರಿಸಿ ಮಗಗ ಉಂಗುರ ಮಾಡಿಸೇನಿ.”

ನಮ್ಮ ಮನೆಗೆ ಅದು ನಾಲ್ಕು ಗುಂಡಿನ ಮಾತು. ನಿಮಗೆ? ಸಂಸ್ಥಾನಗಳು ಹೋಗುತ್ತವಂತೆ, ಹೊಸ ಸರಕಾರವಂತೆ — ಕಟ್ಟೆಯ ಮೇಲೆ ಜನ ಇದನ್ನೇ ಮಾತಾಡುತ್ತಾರೆ. ನಿಮ್ಮ ಮೇಲಿನ ಅಪವಾದ ಮಾತ್ರ ಹಾಗೆಯೇ ಇದೆ; ನಿಮ್ಮ ಮಗನನ್ನೂ ಮೇಣದ ಪತ್ತಾರನ ಮಗ ಅನ್ನುತ್ತಾರೆಂದು ಕಿವಿಗೆ ಬಿತ್ತು.

ಬರುವ ಸಂತೆಗೆ ಬರುತ್ತೇನೆ. ಕುಡುಗೋಲು ತರುವುದಿಲ್ಲ. ಗೌರಕ್ಕ ಬರುತ್ತಾಳೆ, ಬನಹಟ್ಟಿಯ ಹಿರಿಯರಿಬ್ಬರನ್ನೂ ಕರೆದಿದ್ದೇನೆ. ನಿಮ್ಮ ಮಗನ ಮುಂದೆ, ಸಂತೆಯ ಜನರ ಮುಂದೆ, ಅರಗು ಶುದ್ಧವಿತ್ತು, ಬೆಂಕಿಗೆ ಹಿಡಿದವಳು ನಾನು ಎಂದು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಅಕ್ಕನ ಸರ ನೀನೇಕೆ ಹಾಕಿಕೊಂಡಿದ್ದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸೊಸೆಯಂದಿರು ಇರುತ್ತಾರೆ, ಮೊಮ್ಮಕ್ಕಳು ಇರುತ್ತಾರೆ.

ಕೇಳಲಿ. ಅದನ್ನೂ ಹೇಳುತ್ತೇನೆ.