ಸೊಳ್ಳೆ ಪಂಜರಕ್ಕೆ ತುಂಬು ತೋಳು

ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಕಟ್ಟಿದವರು ಆ ಬೀದಿಯ ಟೈಲರಮ್ಮನನ್ನು ಕಂಡಿರಲಿಲ್ಲ. ಅವಳ ಮನೆ ನಿಂತಿದ್ದೇ ನಾಳೆಯ ಮೇಲೆ. ಬಟ್ಟೆ ಕೊಟ್ಟವರು ಯಾವತ್ತೇ ಬಂದು ಕೇಳಲಿ, ಗುಂಡುಸೂಜಿ ಕಚ್ಚಿಕೊಂಡ ಬಾಯಲ್ಲೇ "ನಾಳೆ ಬನ್ನಿ" ಅನ್ನುತ್ತಿದ್ದಳು. ಜನ ಬೈಯುತ್ತಿದ್ದರು, ಬೈದು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಕೈಗುಣ ಅಂಥದ್ದು. ನಾಳೆಯಕ್ಕ, ನಾಳೆಯಕ್ಕ ಎಂದು ಎಲ್ಲರೂ ಕರೆದೂ ಕರೆದೂ, ಅವಳ ಸ್ವಂತ ಹೆಸರು ಗಂಡನಿಗೂ ಮರೆತುಹೋಗಿತ್ತು.

ಬೀದಿಯ ತುದಿಗೆ ವೈರಸ್ ಸಂಶೋಧನಾ ಕೇಂದ್ರವಿತ್ತು. ಡೆಂಗಿಯಂಥ ಜ್ವರದ ವೈರಸ್ಸು, ಅದನ್ನು ಹೊತ್ತು ತಿರುಗುವ ಸೊಳ್ಳೆ, ಇವೇ ಅಲ್ಲಿಯವರ ಕಸುಬು. ಮಳೆಗಾಲ ಇನ್ನೇನು ಬಂತು ಎನ್ನುವಾಗ ಅಲ್ಲಿಂದ ಸಣಕಲು ಹುಡುಗಿಯೊಬ್ಬಳು ಬಲೆಯ ಪೆಟ್ಟಿಗೆ ಎರಡನ್ನು ಹೊತ್ತು ತಂದಳು. ಬೀದಿಯವರು ಅವಳನ್ನು ಸೊಳ್ಳೆ ಮೇಡಂ ಅನ್ನುತ್ತಿದ್ದರು.

"ಅಕ್ಕಾ, ಈ ಪಂಜರಕ್ಕೆ ಒಂದೊಂದು ತೋಳು ಹೊಲಿದು ಕೊಡಿ."

"ಪಂಜರಕ್ಕೆ ತೋಳಾ? ಕಾಲರ್ ಬೇಡ್ವಾ ಹಾಗಾದ್ರೆ?"

ಹುಡುಗಿ ನಕ್ಕು ವಿವರಿಸಿದಳು. ಪೆಟ್ಟಿಗೆಯ ಮುಂದೆ ದುಂಡನೆಯ ಬಾಯಿ. ಅದಕ್ಕೆ ಬಟ್ಟೆಯ ಉದ್ದ ತೋಳು ಹೊಲಿದರೆ, ಅದರೊಳಗಿಂದ ಕೈ ಹಾಕಿ ಕೆಲಸ ಮಾಡಬಹುದು. ಕೈ ತೆಗೆದ ಮೇಲೆ ಗಂಟು ಕಟ್ಟಿದರೆ ಒಂದು ಸೊಳ್ಳೆಯೂ ಹೊರಗೆ ಬರದು. ದಪ್ಪನೆಯ ಹತ್ತಿ ಬಟ್ಟೆಯನ್ನೂ ಕೊಟ್ಟಳು. ನಾಳೆಯಕ್ಕ ಎಂದಿನಂತೆ "ನಾಳೆ ಬಾ ತಾಯಿ" ಅಂದಳು.

ಅಷ್ಟರಲ್ಲಿ ಶಾಲೆ ಶುರುವಾಗುವ ಕಾಲ ಬಂತು ನೋಡಿ, ಅಂಗಡಿ ತುಂಬ ಯೂನಿಫಾರಂ ರಾಶಿ. ಪಂಜರ ಮೂಲೆ ಸೇರಿದವು. ಮಕ್ಕಳ ಚಡ್ಡಿಗೆ ಜೇಬಿನ ಬಟ್ಟೆ ಸಾಲದೆ ಹೋದಾಗ ಆ ಹತ್ತಿ ಬಟ್ಟೆ ಕೈಗೆ ಸಿಕ್ಕಿತು. ನಾಳೆ ಬೇರೆ ತಂದರಾಯಿತು ಎಂದು ಕತ್ತರಿಸಿಯೇಬಿಟ್ಟಳು. ಬೀದಿಯ ಅರ್ಧ ಮಕ್ಕಳ ಜೇಬೊಳಗೆ ಸೊಳ್ಳೆಯ ತೋಳು ಸೇರಿಹೋಯಿತು.

ಬಟ್ಟೆಯಂಗಡಿಗಳಿಗೆಲ್ಲ ರಜೆ ಇದ್ದ ಒಂದು ಮಧ್ಯಾಹ್ನ ಸೊಳ್ಳೆ ಮೇಡಂ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ನೀರಿನ ಜಾಡಿ.

"ಅಕ್ಕಾ, ತೋಳೆಲ್ಲಿ?"

"ನಾಳೆ..."

"ನಾಳೆ ಅನ್ಬೇಡಿ! ಇವಕ್ಕೆ ನಾಳೆ ಅನ್ನೋದೇ ಇಲ್ಲ." ಜಾಡಿಯಲ್ಲಿ ಕರ್ರಗಿನ ಪುಟ್ಟ ಜೀವಗಳು ಪಲ್ಟಿ ಹೊಡೆಯುತ್ತಿದ್ದವು. "ಸಂಜೆಯೊಳಗೆ ರೆಕ್ಕೆ ಬಂದು ಏಳ್ತವೆ. ನಮ್ಮ ಹಳೇ ಪಂಜರ ಎಲ್ಲಾ ತುಂಬಿವೆ. ತೋಳಿಲ್ಲ ಅಂದ್ರೆ ಇಷ್ಟನ್ನೂ ಬಿಸಿನೀರಿಗೆ ಸುರೀಬೇಕು."

"ಸುರಿ ಮತ್ತೆ, ಪೀಡೆ ತೊಲಗಲಿ!"

"ಅಯ್ಯೋ, ನಿಮ್ಮನೆ ಹಿಂದಿನ ಡ್ರಮ್ಮಲ್ಲೇ ಸಿಕ್ಕಿದ್ದು ಇವು. ಈಗ ಹೊಡೀತಿರೋ ಹೊಗೆ ಔಷಧಿಗೆ ಈ ಬೀದಿ ಸೊಳ್ಳೆ ಸಾಯ್ತವಾ ಇಲ್ವಾ ಅಂತ ಇವುಗಳ ಮೇಲೆ ನೋಡ್ಬೇಕು. ಬೇಗ ಹೇಳದೆ ಇದ್ರೆ ಮಳೆಗಾಲಕ್ಕೆ ಆರೋಗ್ಯ ಇಲಾಖೆಯವರು ಮತ್ತೆ ಅದೇ ಔಷಧಿ ಕೊಳ್ತಾರೆ. ಅದೇ ಹೊಗೆ, ಅದೇ ಜ್ವರ."

ಬಾಗಿಲ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಮಗಳು ತಲೆಯೆತ್ತಿದಳು. ಹೋದ ಮಳೆಗಾಲದಲ್ಲಿ ಡೆಂಗಿ ಬಂದು ವಸಡಿನಲ್ಲಿ ರಕ್ತ ಬಂದು ಮಲಗಿದ್ದವಳು ಇವಳೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಾನು ಅತ್ತದ್ದು ತಾಯಿಗೆ ನೆನಪಾಯಿತು. ಈಗ ಮಗಳು ಬಸುರಿ. ನಾಳೆಯಕ್ಕನಿಗೆ ಭಯವಾಯಿತು, ನಿಜವಾದ ಭಯ.

ಅಂಗಡಿಯೆಲ್ಲ ಜಾಲಾಡಿದಳು. ಇದ್ದದ್ದೆಲ್ಲ ಯೂನಿಫಾರಂ, ಎಲ್ಲವೂ ಗೇಣುದ್ದದ ತೋಳು. ತುಂಬು ತೋಳಿನದೆಂದರೆ ಒಂದೇ ಒಂದು, ಇಸ್ತ್ರಿಯಾಗಿ ಹ್ಯಾಂಗರಿನಲ್ಲಿ ತೂಗುತ್ತಿದ್ದ ನೀಲಿ ಚೌಕಳಿ ಅಂಗಿ. ಅದು ಬೀದಿಬೀದಿಗೆ ಹೊಗೆ ಹೊಡೆಸುವ ಆರೋಗ್ಯ ಇನ್ಸ್‌ಪೆಕ್ಟರರದು. ಮಾರನೆಯ ದಿನ ಸೊಳ್ಳೆ ಜಾಗೃತಿ ಸಭೆಯಲ್ಲಿ ಹಾಕಿಕೊಂಡು ಭಾಷಣ ಮಾಡಲೆಂದೇ ಹೊಲಿಸಿದ್ದರು.

"ಅಮ್ಮಾ, ಬೇಡ!" ಅಂದಳು ಮಗಳು.

"ನೀನು ಸುಮ್ನಿರೇ," ಅಂದವಳೇ ಕತ್ತರಿ ಎತ್ತಿದಳು. ಕಚಕ್, ಕಚಕ್. ಭುಜದ ಕಡೆಯನ್ನು ಪಂಜರದ ಬಾಯಿಗೆ ಹೊಲಿದಳು. ಮುಂಗೈ ಕಡೆ ಪಟ್ಟಿ, ಗುಂಡಿ ಹಾಗೇ ಉಳಿದವು. ಸೊಳ್ಳೆ ಮೇಡಂ ಪಂಜರ ಹೊತ್ತು ಓಡಿದಳು. ಅಂಗಿಯ ಕತೆ? ಉಳಿದ ಗಿಡ್ಡ ತೋಳಿನ ಅಂಚು ಮಡಚಿ ಹೊಲಿದು, ಪೊಟ್ಟಣ ಕಟ್ಟಿಟ್ಟಳು.

ಇನ್ಸ್‌ಪೆಕ್ಟರರು ಬೆಳಿಗ್ಗೆ ಅವಸರದಲ್ಲಿ ಬಂದು, ಬಿಚ್ಚಿ ನೋಡದೆ ಒಯ್ದರು. ಸಭೆಯ ಬಾಗಿಲಲ್ಲಿ ಬಿಚ್ಚಿದರೆ ಅರ್ಧ ತೋಳು! ಹಳೆಯ ಅಂಗಿಗೆ ಆಗಲೇ ಕಾಫಿ ಚೆಲ್ಲಿಕೊಂಡಿದ್ದರಿಂದ ಇದನ್ನೇ ತೊಟ್ಟರಂತೆ. ವೇದಿಕೆ ಹತ್ತಿ, ಬೊಜ್ಜು ಕೈಗಳನ್ನು ಬೀಸುತ್ತ, "ಹಗಲು ಹೊತ್ತಲ್ಲೇ ಕಚ್ಚೋ ಸೊಳ್ಳೆ ಇದು! ಎಲ್ಲರೂ ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ!" ಅಂದರು. ಹಿಂದಿನ ಸಾಲಿನಿಂದ ಯಾರೋ "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ" ಅಂದರು. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅಲ್ಲಿಂದ ನೆಟ್ಟಗೆ ಅಂಗಡಿಗೆ ಬಂದರು. "ನನ್ನ ತೋಳೆಲ್ಲಮ್ಮಾ?"

ನಾಳೆಯಕ್ಕನ ಬಾಯಿಗೆ ಅವತ್ತು ನಾಳೆ ಬರಲಿಲ್ಲ. "ಸೊಳ್ಳೆಗೆ ಹಾಕಿದೀನಿ ಸಾರ್. ತಪ್ಪು ನಂದೇ. ಬೈಯೋದಾದ್ರೆ ಬೈರಿ, ಆದ್ರೆ ನನ್ನ ಮಗಳನ್ನ ಇನ್ನೊಂದು ಸಲ ಆ ಆಸ್ಪತ್ರೆ ಮಂಚದ ಮೇಲೆ ನೋಡೋ ಶಕ್ತಿ ನನಗಿಲ್ಲ," ಅಂದು ಎಲ್ಲ ಹೇಳಿದಳು. ಅವರು ಸಿಟ್ಟಿನಲ್ಲೇ ಇದ್ದರು. "ನನ್ನ ಔಷಧಿಗೆ ಸಾಯದ ಸೊಳ್ಳೆ ಇನ್ನೂ ಹುಟ್ಟಿಲ್ಲ. ಪರೀಕ್ಷೆ ಮುಗೀಲಿ, ನೋಡೇಬಿಡ್ತೀನಿ," ಎಂದು ಹೋದರು.

ಪರೀಕ್ಷೆ ಮುಗಿದ ದಿನ ನಾಳೆಯಕ್ಕನನ್ನೂ ಕರೆದುಕೊಂಡೇ ಕೇಂದ್ರಕ್ಕೆ ಹೋದರು. ಮೇಜಿನ ಮೇಲೆ ಅವೇ ಎರಡು ಪಂಜರ, ನೀಲಿ ಚೌಕಳಿ ತೋಳು ಇಳಿಬಿದ್ದಿವೆ. ಒಂದರಲ್ಲಿ ಬೇರೆ ಔಷಧಿ ತಾಗಿದ ಸೊಳ್ಳೆಗಳು ಸತ್ತು ತಳಕ್ಕೆ ಬಿದ್ದಿದ್ದವು. ಇನ್ನೊಂದರಲ್ಲಿ, ಇನ್ಸ್‌ಪೆಕ್ಟರರ ಹೊಗೆ ಔಷಧಿ ತಾಗಿದವು, ಸ್ನಾನ ಮಾಡಿ ಎದ್ದಂತೆ ಹಾರಾಡುತ್ತಿದ್ದವು.

ಅವರು ನಂಬಲಿಲ್ಲ. ಗಂಟು ಬಿಚ್ಚಿ ಕೈ ತೂರಿಸಿಯೇಬಿಟ್ಟರು. ತೋಳು ಕೈಗೆ ಹೇಳಿ ಮಾಡಿಸಿದಂತೆ ಕೂತಿತು, ಕೂರದೆ ಏನು, ಅವರದೇ ಅಳತೆ.

"ಸಾರ್, ಕೈ ತೆಗೀರಿ!" ಮೇಡಂ ಕೂಗಿದಳು. "ಇನ್ನೂ ಯಾರನ್ನೂ ಕಚ್ಚಿಲ್ಲದ ಸೊಳ್ಳೆ, ಜ್ವರದ ಭಯ ಇಲ್ಲ, ಆದ್ರೂ..."

ಅಷ್ಟರಲ್ಲಿ ಒಂದು ಸೊಳ್ಳೆ ಹೆಬ್ಬೆರಳ ಮೇಲೆ ಕೂತು ಚುರ್ರೆಂದು ಕಚ್ಚಿತ್ತು. ಅವರು ಕೈ ಎಳೆದುಕೊಂಡು, ಎದ್ದ ದದ್ದನ್ನೇ ನೋಡುತ್ತ ನಿಂತರು. "ಇಷ್ಟು ವರ್ಷ ಊರಿಗೆಲ್ಲ ಬರೀ ಹೊಗೆ ಹಾಕ್ತಿದ್ನೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಯಾರೂ ನಗಲಿಲ್ಲ. ಔಷಧಿ ಬದಲಿಸಲು ಅವತ್ತೇ ಮೇಲಿನವರ ಜೊತೆ ಜಗಳಕ್ಕೆ ಕೂತರು, ಬದಲಿಸಿಯೇ ಎದ್ದರು. ನಾಳೆಯಕ್ಕನೂ ಹಿತ್ತಿಲ ಡ್ರಮ್ಮನ್ನು ತಿಕ್ಕಿ ತೊಳೆದು, ಮುಚ್ಚಳ ಬಿಗಿದಳು.

ಮಳೆ ಬಂತು, ಹೋಯಿತು. ಮಗಳ ಮೈ ಒಂದು ದಿನವೂ ಬಿಸಿಯಾಗಲಿಲ್ಲ.

ಇನ್ಸ್‌ಪೆಕ್ಟರರು ಹೊಸ ಅಂಗಿಗಾಗಿ ಇವತ್ತಿಗೂ ಅಂಗಡಿಗೆ ಅಲೆಯುತ್ತಿದ್ದಾರೆ. ನಾಳೆ ಬನ್ನಿ ಅಂತಿದ್ದಾಳೆ ಮಹಾತಾಯಿ. ಆದರೆ ಮಗಳಿಗೆ ಹೆರಿಗೆಯಾದಾಗ ನರ್ಸು "ಮಗುಗೆ ಬಟ್ಟೆ ತಂದಿದೀರಾ?" ಎಂದು ಕೇಳಿದ್ದೇ ತಡ, ಚೀಲದಿಂದ ಹೊಲಿದು ಮಡಿಸಿಟ್ಟ ಅಂಗೈಯಗಲದ ಅಂಗಿ ತೆಗೆದುಕೊಟ್ಟಳು. ಮೊಮ್ಮಗಳ ಬೆರಳತುದಿಯವರೆಗೂ ತೋಳಿತ್ತು.