ಬೆರಕೆ ಸೊಪ್ಪಿನ ವೇದವತಿ

ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮೊಂದರಲ್ಲಿ ಶನಿವಾರ ಬಿಟ್ಟಿ ಗೈಡಾಗಿ ನಿಲ್ಲುವ ವೇದವತಿಯವರ ಎದುರು, ಆಸ್ಟ್ರೇಲಿಯದ ಮೂಲನಿವಾಸಿಗಳ ಚಿತ್ರ ನೋಡಿ ಯಾರಾದರೂ "ಆಬ್‌ಸ್ಟ್ರ್ಯಾಕ್ಟು" ಅಂದರೋ, ಕೆಟ್ಟರು. "ಆಬ್‌ಸ್ಟ್ರ್ಯಾಕ್ಟೂ ಅಲ್ಲ, ಮಣ್ಣಾಂಗಟ್ಟೀನೂ ಅಲ್ಲ, ಊಟ ರೀ ಇದು!" ಎಂದು ಗದರಿ, ಇದು ಕಾಡುಗೆಣಸು, ಇದು ಕಾಡುಟೊಮೆಟೊ, ಈ ಲಾಳದಂಥ ಗೆರೆ ಅಗೆಯಲು ಕೂತ ಹೆಂಗಸು ಅಂತ ತಾವೇ ಅಗೆದು ತಂದವರ ಹಾಗೆ ವಿವರಿಸುತ್ತಾರೆ, ಬರ್ಕ್ಲಿಯ ಪ್ರೊಫೆಸರಾದರೂ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬೇಕು. ಕೊನೆಗೆ, "ನಮ್ಮಮ್ಮನೂ ಹೀಗೇ, ಮಂಡ್ಯದ ಹೊಲದ ಬದುವಿನ ಮೇಲೆ ಹದಿನಾರು ಥರದ ಬೆರಕೆ ಸೊಪ್ಪು ಕೀಳೋಳು" ಅನ್ನದೆ ಯಾರನ್ನೂ ಬಿಡುವುದಿಲ್ಲ. ಮೊನ್ನೆ ಜೊತೆಗೆ ಬಂದಿದ್ದ ಮೊಮ್ಮಗಳು ತನ್ವಿ, "ವಿಚ್ ಸಿಕ್ಸ್‌ಟೀನ್, ಅಜ್ಜಿ?" ಅಂದಳು. ವೇದವತಿ ಜೋರಾಗಿ ಬೆರಳು ಮಡಿಚತೊಡಗಿದರು: ಅಣ್ಣೆ, ಗಣಿಕೆ... ಮೂರನೆಯ ಬೆರಳು ನೆಟ್ಟಗೇ ನಿಂತಿತು. ತಿಂದಿದ್ದರೇ ಹೊರತು ಹೆಸರು ಕೇಳಿರಲಿಲ್ಲ. ಕೊನೆಗೆ ಟಿಕೆಟ್ಟಿನ ಹಿಂದೆ ಲಾಳದಂಥದೇ ಒಂದು ಗೆರೆ ಎಳೆದು ಮೊಮ್ಮಗಳ ಕೈಗಿಟ್ಟರು: "ಇವಳು ನಮ್ಮಮ್ಮ. ಸೊಪ್ಪೆಲ್ಲ ಇವಳ ಮಡಿಲಲ್ಲೇ ಉಳಿದುಹೋಯ್ತು."