ಟವೆಲ್ಲಿನ ಕೆಳಗಿನ ಕೈ

ದನದ ದಲಾಲಿಯೊಬ್ಬ ವಿಡಿಯೋ ಗೇಮ್ ಅಂಗಡಿ ಇಟ್ಟರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ನನ್ನ ಗೆಳೆಯನ ಬಲಗೈ ನೋಡಿ ಅನ್ನುತ್ತೇನೆ. ಅದರ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ನನ್ನ ಝೆರಾಕ್ಸ್ ಅಂಗಡಿ. ಹಿಂದಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರು. ಮಾಸ್ತರರ ಮಗನಾದ ನನ್ನ ಗೆಳೆಯ ಅದರ ಮುಂದೆ ಕೂತು ಆಟ ಬರೆಯುತ್ತಿದ್ದ, ನಾನು ಎತ್ತುಗಳ ಚಿತ್ರ ಮಾಡುತ್ತಿದ್ದೆ. ಕಾರಹುಣ್ಣಿಮೆಗೆ ನಮ್ಮಲ್ಲಿ ಎತ್ತು ಓಡಿಸಿ, ಊರಬಾಗಿಲಾದ ಅಗಸಿಗೆ ಅಡ್ಡ ಕಟ್ಟಿದ ಹಗ್ಗ ಹರಿಸಿ ಕರಿ ಹರಿಯುತ್ತಾರಲ್ಲ, ಅದೇ ಆಟ. ಬಿಳಿ ಎತ್ತು ಮೊದಲು ಹಗ್ಗ ಹರಿದರೆ ಹಿಂಗಾರಿ ಚೆನ್ನ, ಕಂದು ಎತ್ತು ಹರಿದರೆ ಮುಂಗಾರಿ. ಹುಡುಗರು ಆಡಲು ಬಂದರು, ಅವರನ್ನು ಎಳೆದೊಯ್ಯಲು ಬಂದ ಅಪ್ಪಂದಿರು ತಾವೇ ಕೂತುಬಿಟ್ಟರು. ಒಬ್ಬ ಮುದುಕ ಪರದೆಯ ಎತ್ತಿಗೆ ಕೈ ಮುಗಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗ ನಮ್ಮ ಸೀಮೆಯ ಗೇಮ್ ಅಂಗಡಿಗಳೆಲ್ಲ ಇಬ್ಬರ ಕೈಗೆ ಸೇರುತ್ತಿದ್ದವು. ಒಬ್ಬ ಇಂಡಿ ಊರಿನ ದನದ ದಲಾಲಿ, ತಾನೂ ಗೇಮ್ ಅಂಗಡಿ ಇಟ್ಟವನು. ಅವನು ಇಡಿಯಾಗಿ ಕೊಳ್ಳುತ್ತಿದ್ದ, ತನಗೆ ಪೈಪೋಟಿ ಇರಬಾರದೆಂದು ಕೊಂಡು ಕೆಡಿಸುತ್ತಿದ್ದ. ಬಸವನ ಬಾಗೇವಾಡಿಯಲ್ಲಿ ಒಂದು ಅಂಗಡಿ ಕೊಂಡ ದಿನ ಅದರ ಟಿವಿಗಳನ್ನೆಲ್ಲ ಬೀದಿಗೆ ತಂದು, ಜನ ನೋಡುತ್ತಿದ್ದಂತೆ ಕೊಡಲಿಯಿಂದ ಒಡೆಸಿದ. ಇನ್ನೊಬ್ಬ ಮುದ್ದೇಬಿಹಾಳದ ಸಾಹುಕಾರ. ಅವನದು ಬೆಣ್ಣೆಯಲ್ಲಿ ಕೂದಲು ತೆಗೆಯುವ ಜಾತಿ. ಅಂಗಡಿ ನಿಮ್ಮದೇ, ಬೋರ್ಡು ನಿಮ್ಮದೇ, ಆಟ ಮಾತ್ರ ಬೇರೆಯವರಿಗೆ ಕೊಡಬೇಡಿ ಎನ್ನುತ್ತಿದ್ದ. ನಾಲ್ಕು ದಿನ ಹೋದ ಮೇಲೆ ನೋಡಿದರೆ ಅಂಗಡಿಯವನೇ ಅವನ ಮನೆಯ ಆಳಾಗಿರುತ್ತಿದ್ದ. ಹೊರದೇಶದಲ್ಲಿ ಗೇಮ್ ಡಬ್ಬಿ ಮಾಡುವ ದೊಡ್ಡ ಕಂಪನಿಗಳೂ ಹೀಗೇ, ಆಟ ಬರೆಯುವವರನ್ನೇ ಕೊಳ್ಳಲು ಒಂದರ ಮೇಲೊಂದು ಬೀಳುತ್ತವೆ ಎಂದು ಗೆಳೆಯ ಎಲ್ಲೋ ಓದಿ ಹೇಳಿದ್ದ. ಅವರು ಕಾಗದದ ಮೇಲೆ ಕೊಳ್ಳುತ್ತಾರಂತೆ. ಪುಣ್ಯವಂತರು.

ಗೆಳೆಯನಿಗೆ ಆಟ ಮಾರುವುದೇ ಬೇಕಿರಲಿಲ್ಲ. ಅದು ಊರೂರಿನ ಅಂಗಡಿಯಲ್ಲೂ ಓಡಬೇಕು, ಯಾರ ಬೀಗದೊಳಗೂ ಇರಬಾರದು ಎನ್ನುವುದೊಂದೇ ಅವನ ಹಟ. ಆಟ ಪೂರ್ತಿಯಾಗುವ ಮೊದಲೇ ಈ ಇಬ್ಬರಲ್ಲೊಬ್ಬರು ಕದ್ದು ತಮ್ಮದೆಂದಾರೆಂಬ ಭಯಕ್ಕೆ ಎರಡನೆಯ ಪ್ರತಿಯನ್ನೂ ಮಾಡಿರಲಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂದಾಗ ದಲಾಲಿ ಜೀಪಿನಲ್ಲಿ ಬಂದ. ಜೊತೆಗೆ ಇಬ್ಬರು ಗಟ್ಟಿ ಆಳುಗಳು. ಅಂಗಡಿ ತುಂಬ ಗಿರಾಕಿ.

"ಕೈ ಕೊಡೋ ತಮ್ಮಾ" ಎಂದ.

ಹಿರಿಯರು ಕೈ ಚಾಚಿದ್ದಾರೆ ಎಂದು ಗೆಳೆಯ ನಗುತ್ತ ಕೈ ಕೊಟ್ಟ. ದಲಾಲಿ ಹೆಗಲ ಟವೆಲ್ಲು ತೆಗೆದು ಆ ಎರಡೂ ಕೈಗಳ ಮೇಲೆ ಹೊದಿಸಿದ. ದನದ ಸಂತೆಯಲ್ಲಿ ದರ ಹೇಳುವುದು ಹಾಗೇ: ಬಾಯಿ ಮುಚ್ಚಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು. ಒಲ್ಲೆ ಎನ್ನುವವನು ಕೈ ಎಳೆದುಕೊಳ್ಳುತ್ತಾನೆ, ಗಟ್ಟಿಯಾಗಿ ಹಿಡಿದನೆಂದರೆ ಒಪ್ಪಿದ ಹಾಗೆ. ರೈತರ ಮಕ್ಕಳಿಗೆ ಇದು ಹುಟ್ಟುತ್ತಲೇ ಗೊತ್ತು. ಮಾಸ್ತರರ ಮನೆಯಲ್ಲಿ ಒಂದು ಆಕಳೂ ಇರಲಿಲ್ಲ. ದಲಾಲಿ ಬೆರಳು ಒತ್ತಿದ, ನೋವಿಗೆ ಗೆಳೆಯ ಅವನ ಕೈಯನ್ನು ಬಿಗಿಯಾಗಿ ಹಿಡಿದ.

"ಯಾಪಾರ ಮುಗೀತು! ಆಟ ನಂದು" ಎಂದು ದಲಾಲಿ ಕೂಗಿದ.

"ಇಲ್ರಿ ಅಣ್ಣಾರ, ನಾ ಮಾರೂದಿಲ್ರಿ" ಎಂದು ಗೆಳೆಯ ಕೈ ಎಳೆದ. ಕೈ ಬರಲಿಲ್ಲ. ಟವೆಲ್ಲು ಅಲುಗಾಡುತ್ತಿತ್ತು. ಸುತ್ತಲಿನವರು ಹಲ್ಲು ಕಿಸಿದು, "ಹುಡುಗ ಇನ್ನೂ ದರ ಏರಸಾಕತ್ತಾನ ನೋಡ್ರಿ" ಎನ್ನುತ್ತಿದ್ದರು. ಅಷ್ಟರಲ್ಲಿ ಜೋಳದ ದಂಟು ಮುರಿದಂಥ ಸದ್ದು ಕೇಳಿತು. ಮತ್ತೊಮ್ಮೆ ಕೇಳಿತು. ಗೆಳೆಯ ಕಿರುಚಿದ ಮೇಲೇ ಜನರ ನಗು ನಿಂತದ್ದು.

ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ನನ್ನ ಕೈಗೆ ಸಿಕ್ಕಿತು. ದಲಾಲಿಯ ಭುಜಕ್ಕೆ ಬಾರಿಸಿದೆ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ, ತಲೆಗೆ ಬೀಳಲಿಲ್ಲವಲ್ಲ ಎಂಬ ಬೇಸರ ಮಾತ್ರ ಇದೆ. ಆಳುಗಳಿಬ್ಬರೂ ನನ್ನನ್ನು ಕೆಡವಿ ತುಳಿದರು. ಮುಂದಿನ ಹಲ್ಲು ಹೋಯಿತು, ಬಾಯಿ ತುಂಬ ರಕ್ತ. ನೆಲಕ್ಕೆ ಬಿದ್ದಲ್ಲಿಂದಲೇ ಅವರು ಕಂಪ್ಯೂಟರನ್ನು ಹೊರಗೆ ಎಳೆದೊಯ್ಯುವುದನ್ನು ಕಂಡೆ.

"ಯಾಪಾರ ಆದ ಮಾಲು ನಂದು. ನನ್ನ ಮಾಲು ನಾ ಏನರ ಮಾಡ್ತೇನಿ" ಎಂದ ದಲಾಲಿ, ಜೀಪಿನಿಂದ ಕೊಡಲಿ ತರಿಸಿದ. ನಮ್ಮ ಎತ್ತುಗಳೆಲ್ಲ ಬಸ್ ಸ್ಟ್ಯಾಂಡಿನ ಎದುರು ಚೂರಾದವು. ಊರ ಜನ ಯಾರೂ ಅಡ್ಡ ಬರಲಿಲ್ಲ. ಸಂತೆಯ ಪದ್ಧತಿ ಪ್ರಕಾರ ಕೈ ಹಿಡಿದಿದ್ದಾನಲ್ಲ ಎಂದರು. ಅವರ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಅಂದದ್ದು ಅವರಿಗೆಲ್ಲ ಕೇಳಿಸಿತ್ತು.

ಮುದ್ದೇಬಿಹಾಳದ ಸಾಹುಕಾರ ದವಾಖಾನೆಗೆ ಬಾಳೆಹಣ್ಣು ತಂದ. ಗೆಳೆಯನ ಮಂಚದ ಮೇಲೆ ಕೂತು ದಲಾಲಿಯನ್ನು ಚೆನ್ನಾಗಿ ಬೈದ.

"ಆಟ ಹೋದ್ರ ಹೋಗ್ಲಿ, ತಲಿಯಾಗ ಐತಲ್ಲ? ನಮ್ಮ ಮನ್ಯಾಗ ಇದ್ದು ಇನ್ನೊಮ್ಮೆ ಬರೀರಿ. ಹೆಸರು ನಿಮ್ಮದ, ಬೋರ್ಡು ನಿಮ್ಮದ. ನಮ್ಮ ಅಂಗಡಿ ಬಿಟ್ಟು ಹೊರಗ ಹೋಗಬಾರದು, ಅಷ್ಟ" ಎಂದು ಕೈ ಚಾಚಿದ.

ಗೆಳೆಯ ಆ ಕೈ ನೋಡಲಿಲ್ಲ, ಅವನ ಹೆಗಲು ನೋಡಿದ. "ಮೊದಲ ಆ ಟವೆಲ್ ಕೆಳಗಿಡ್ರಿ, ಸಾಹುಕಾರ್ರ."

ಸಾಹುಕಾರ ನಕ್ಕ. "ಇದು ಬೆವರು ಒರಸೂದೋ ಮಾರಾಯಾ" ಎಂದು ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಒರೆಸಿಕೊಂಡು ಮತ್ತೆ ಹೆಗಲಿಗೇ ಹಾಕಿಕೊಂಡ.

"ಹೋಗಿ ಬರ್ರಿ" ಎಂದ ಗೆಳೆಯ, ಪಟ್ಟಿ ಕಟ್ಟಿದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

ಕಾರಹುಣ್ಣಿಮೆಯ ದಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅಗಸಿಯ ಹತ್ತಿರ ಇಬ್ಬರೂ ನಿಂತೆವು. ಬಿಳಿ ಎತ್ತು ಕರಿ ಹರಿಯಿತು, ಊರೆಲ್ಲ ಚಪ್ಪಾಳೆ ತಟ್ಟಿತು. ಅವನು ನನ್ನ ಅಂಗೈ ಎಳೆದುಕೊಂಡು ಅದಕ್ಕೆ ತನ್ನ ಎಡಗೈ ತಟ್ಟಿದ. ತಟ್ಟುತ್ತಲೇ ಇದ್ದ, ಜನರೆಲ್ಲ ನಿಲ್ಲಿಸಿದ ಮೇಲೂ.